ಅಡಿಕೆ ಯಾವ ಹೆಸರಿನಲ್ಲಿ ಬಂದರು ದಾಟುತ್ತದೆ?

(ಪುತ್ತೂರು ಕಡೆಯ ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಡಿಕೆ ದರ ಸ್ವಲ್ಪ ಜಾರಿದರೆ ಸಾಕು, ಒಂದು ಮಾತು ಎಲ್ಲ ಕಡೆ ಕೇಳಿಸುತ್ತದೆ. "ಹೊರಗಿನ ಅಡಿಕೆ ಬಂತಂತೆ ಮಾರಾಯ್ರೆ, ಸರ್ಕಾರ ಸುಂಕ ಜಾಸ್ತಿ ಮಾಡಬೇಕು." ಈಗ ಸುಂಕ ಎಷ್ಟಿದೆ ಅಂತ ತಿರುಗಿ ಕೇಳಿ ನೋಡಿ. ಹತ್ತು ಅನ್ನುವವರಿದ್ದಾರೆ, ನಲವತ್ತು ಅನ್ನುವವರಿದ್ದಾರೆ. ಮನವಿ ಪತ್ರಕ್ಕೆ ಸಹಿ ಹಾಕಿದವರಿಗೂ ಗೊತ್ತಿರುವುದಿಲ್ಲ.

ನಾನು ಕಸ್ಟಮ್ಸ್ ಬ್ರೋಕರ್. ಹಳಬರು ಈಗಲೂ ಸಿಎಚ್‌ಎ, ಅಂದರೆ ಕಸ್ಟಮ್ಸ್ ಹೌಸ್ ಏಜೆಂಟ್ ಅನ್ನುತ್ತಾರೆ. ಆಮದು ಮಾಡುವವರ ಪರವಾಗಿ ಕಾಗದಪತ್ರ ಸಲ್ಲಿಸಿ, ಸುಂಕ ಕಟ್ಟಿಸಿ, ಮಂಗಳೂರಿನ ಪಣಂಬೂರು ಬಂದರಿನಿಂದಲೋ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಿಂದಲೋ ಮಾಲು ಬಿಡಿಸಿ ಕೊಡುವುದು ಕೆಲಸ. ಮನೆಯಲ್ಲಿ ಅಡಿಕೆ ತೋಟವೂ ಇದೆ. ಹಾಗಾಗಿ ಇವತ್ತು ನಾನು ಎರಡೂ ಪಾರ್ಟಿಯ ಮನುಷ್ಯ ಅಂತ ಮೊದಲೇ ಹೇಳಿಬಿಡುತ್ತೇನೆ.

ಸುಂಕದ ಲೆಕ್ಕದಿಂದಲೇ ಶುರು ಮಾಡೋಣ. ಅಡಿಕೆಗೆ ಮೂಲ ಕಸ್ಟಮ್ಸ್ ಸುಂಕ ಶೇ. 100. ನೂರು ರೂಪಾಯಿ ಮಾಲಿಗೆ ನೂರು ರೂಪಾಯಿ ಸುಂಕ. ಆ ಇನ್ನೂರರ ಮೇಲೆ ಶೇ. 5 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ), ಅಂದರೆ ಮತ್ತೆ ಹತ್ತು ರೂಪಾಯಿ. ಒಟ್ಟು ಶೇ. 110. ಡಿಆರ್‌ಐ, ಅಂದರೆ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಅಡಿಕೆ ಹಿಡಿದಾಗ ಕೊಡುವ ಪ್ರಕಟಣೆಯಲ್ಲೂ ಇದೇ 110 ಇರುತ್ತದೆ.

ಇದನ್ನು 150 ಮಾಡಬಾರದಾ? ಆಗುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ದೇಶಗಳು ಪ್ರತಿ ಸರಕಿಗೂ "ಇದಕ್ಕಿಂತ ಮೇಲೆ ಸುಂಕ ಹಾಕುವುದಿಲ್ಲ" ಅಂತ ಒಂದು ಮಿತಿ ಬರೆದುಕೊಟ್ಟಿವೆ. ಭಾರತ ಕೊಟ್ಟಿರುವ ಮಿತಿ ಸಂಸ್ಕರಿಸದ ಕೃಷಿ ಉತ್ಪನ್ನಗಳಿಗೆ ಸಾಮಾನ್ಯವಾಗಿ ಶೇ. 100, ಸಂಸ್ಕರಿಸಿದವಕ್ಕೆ ಶೇ. 150. ಅಡಿಕೆ ಆ ನೂರನ್ನು ಮುಟ್ಟಿ ನಿಂತಿದೆ. ದೆಹಲಿಯಲ್ಲಿ ಯಾರೇ ಕೃಷಿ ಮಂತ್ರಿಯಾಗಲಿ, ಸುಮ್ನೆ ಒಂದು ಸಹಿ ಹಾಕಿ ಅದನ್ನು ಏರಿಸಲಾಗುವುದಿಲ್ಲ.

ಹಾಗಾಗಿ ಸರ್ಕಾರ ಬೇರೆ ದಾರಿ ಹುಡುಕಿತು. ಅದೇ ಕನಿಷ್ಠ ಆಮದು ಬೆಲೆ, ನೀವೆಲ್ಲ ಎಂಐಪಿ ಅಂತ ಕೇಳಿರುತ್ತೀರಿ. 2017ರ ಜನವರಿಯಲ್ಲಿ ಅದನ್ನು ಕಿಲೋಗೆ 251 ರೂಪಾಯಿ ಮಾಡಿದರು. 2018ರ ಜುಲೈಯಲ್ಲಿ ಅದಕ್ಕೆ ಹಲ್ಲು ಬಂತು. ಆ ಬೆಲೆಗಿಂತ ಕೆಳಗಿನ ಅಡಿಕೆ "ನಿಷೇಧಿತ" ಸರಕು ಅಂತಾಯಿತು. 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಿದರು. ಈ ಬೆಲೆ ಅಂದರೆ ಮಾಲಿನ ಕ್ರಯ, ವಿಮೆ, ಹಡಗು ಬಾಡಿಗೆ ಎಲ್ಲ ಸೇರಿ ನಮ್ಮ ಬಂದರಿಗೆ ಮುಟ್ಟುವಾಗಿನ ಬೆಲೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪೇಪರಿನವರೂ ಇದರಲ್ಲಿ ಎಡವುತ್ತಾರೆ. ಎಂಐಪಿ ಬೇರೆ, ಟ್ಯಾರಿಫ್ ವ್ಯಾಲ್ಯೂ ಬೇರೆ. ಎಂಐಪಿ ಹೇಳುವುದು ವಿದೇಶಿ ವ್ಯಾಪಾರದ ಮಹಾನಿರ್ದೇಶನಾಲಯ, ಡಿಜಿಎಫ್‌ಟಿ. ಅದು ಒಳಗೆ ಬಿಡಬೇಕೋ ಬೇಡವೋ ಅನ್ನುವ ಪ್ರಶ್ನೆ. ಟ್ಯಾರಿಫ್ ವ್ಯಾಲ್ಯೂ ಹೇಳುವುದು ಕಸ್ಟಮ್ಸ್ ಮಂಡಳಿ. ಅದು ಬಿಟ್ಟ ಮೇಲೆ ಯಾವ ಬೆಲೆಯ ಮೇಲೆ ಸುಂಕ ಲೆಕ್ಕ ಹಾಕಬೇಕು ಅನ್ನುವ ಪ್ರಶ್ನೆ. ಸಾಮಾನ್ಯ ಸರಕುಗಳಿಗೆ ಇನ್‌ವಾಯ್ಸ್‌ನ ನಿಜವಾದ ಬೆಲೆಯೇ ಆಧಾರ. ಆದರೆ ತಾಳೆ ಎಣ್ಣೆ, ಚಿನ್ನ, ಬೆಳ್ಳಿ, ಅಡಿಕೆಯಂಥ ಕೆಲವಕ್ಕೆ ಮಂಡಳಿಯೇ ಸುಮಾರು ಹದಿನೈದು ದಿನಕ್ಕೊಮ್ಮೆ ಬೆಲೆ ಪ್ರಕಟಿಸುತ್ತದೆ. ನೀವು ಯಾವ ಬೆಲೆಗೆ ಕೊಂಡಿರಿ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

2023ರಲ್ಲಿ ಅಡಿಕೆಯ ಟ್ಯಾರಿಫ್ ವ್ಯಾಲ್ಯೂ ಟನ್ನಿಗೆ 10,379 ಡಾಲರ್ ಇತ್ತು. ಆಗಿನ ಡಾಲರ್ ದರ ಹಿಡಿದರೆ ಕಿಲೋಗೆ ಸುಮಾರು 850 ರೂಪಾಯಿ. ಅದರ ಶೇ. 110 ಅಂದರೆ 930ರ ಮೇಲೆ. ಇದು ಮಾಲಿನ ಬೆಲೆ ಅಲ್ಲ, ಬರೀ ತೆರಿಗೆ! ಆಗ ನಮ್ಮಲ್ಲಿ ಚಾಲಿಯ, ಅಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆಯ ದರ ಅದರ ಅರ್ಧದ ಆಸುಪಾಸಿನಲ್ಲಿತ್ತು. ಪೂರ್ತಿ ಸುಂಕ ಕಟ್ಟಿ ಅಡಿಕೆ ತಂದು ಇಲ್ಲಿ ಮಾರುವವನಿಗೆ ತಲೆ ಸರಿ ಇಲ್ಲ ಅಂತಲೇ ಅರ್ಥ. ಆದರೂ ಹೊರಗಿನ ಅಡಿಕೆ ಬರುತ್ತದೆ ಅಲ್ವಾ? ಅಂದರೆ ಬರುವವರು ಈ ಸುಂಕ ಕಟ್ಟಿ ಬರುತ್ತಿಲ್ಲ.

ಇವತ್ತು ನಾನು ಹೇಳಲು ಬಂದ ಮಾತು ಇದೊಂದೇ. ಬೇಲಿ ಆಳೆತ್ತರ ಇದೆ, ಬಾಗಿಲಿನ ದಣಪೆ ಹಾಕಿಲ್ಲ. ನಾವು ಮತ್ತೆ ಮತ್ತೆ ಬೇಲಿ ಎತ್ತರಿಸಿ ಅಂತ ಮನವಿ ಕೊಡುತ್ತಿದ್ದೇವೆ.

ಹೇಗೆ ಬರುತ್ತದೆ ಅಂತ ಅರ್ಥವಾಗಬೇಕಾದರೆ ಬಿಲ್ ಆಫ್ ಎಂಟ್ರಿ ಏನೆಂದು ತಿಳಿಯಬೇಕು. ಹಡಗಿನಿಂದ ಇಳಿಯುವ ಪ್ರತಿ ಕನ್‌ಸೈನ್‌ಮೆಂಟಿಗೂ ಆಮದುದಾರ ಕಂಪ್ಯೂಟರಿನಲ್ಲಿ ಈ ಅರ್ಜಿ ಹಾಕಬೇಕು. 2011ರಿಂದ ನಮ್ಮಲ್ಲಿ ಸ್ವಯಂ ನಿರ್ಧಾರಣೆ ಪದ್ಧತಿ. ಅಂದರೆ ಮಾಲು ಏನು, ಎಲ್ಲಿಯದು, ಬೆಲೆ ಎಷ್ಟು, ಹಾಗಾಗಿ ಸುಂಕ ಎಷ್ಟು, ಎಲ್ಲವನ್ನೂ ಆಮದುದಾರನೇ ಬರೆಯುತ್ತಾನೆ. ಇಲಾಖೆಯ ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅದನ್ನು ನೋಡಿ, ಯಾವುದನ್ನು ತಡೆದು ಪರೀಕ್ಷೆ ಮಾಡಬೇಕು, ಯಾವುದನ್ನು ಹಾಗೇ ಬಿಡಬೇಕು ಅಂತ ತೀರ್ಮಾನಿಸುತ್ತದೆ. ಎಲ್ಲ ಕಂಟೇನರನ್ನೂ ತೆರೆದು ನೋಡುತ್ತಾ ಕೂತರೆ ಬಂದರು ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಪದ್ಧತಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಏನು, ಎಲ್ಲಿಯದು, ಎಷ್ಟು ಅನ್ನುವ ಆ ಮೂರು ಕಾಲಮ್ಮುಗಳಲ್ಲೇ ನಮ್ಮ ದರದ ಹಣೆಬರಹ ಇದೆ.

ಮಾಲು ಏನು ಅನ್ನುವ ಕಾಲಮ್ಮು ಅತಿ ರಸವತ್ತಾದದ್ದು. ಜಗತ್ತಿನ ಎಲ್ಲ ಸರಕಿಗೂ ಎಚ್‌ಎಸ್ ಕೋಡ್ ಅಂತ ಒಂದು ಸಂಖ್ಯೆ ಇದೆ. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ, ಮುಂದಿನ ಎರಡು ನಮ್ಮವು. ಅಡಿಕೆಗೆ 0802 80. ಇಡೀ ಅಡಿಕೆ, ಒಡೆದದ್ದು, ಪುಡಿ, ಎಲ್ಲ ಅದರೊಳಗೆ. ಆದರೆ ಅಡಿಕೆಗೆ ಸಂಬಂಧಪಟ್ಟ ಮನೆಗಳು ಇನ್ನೂ ಇವೆ. 21ನೇ ಅಧ್ಯಾಯದಲ್ಲಿ "ಸುಪಾರಿ" ಅನ್ನುವ ತಯಾರಿಕೆಗೆ 2106 90 30. 20ನೇ ಅಧ್ಯಾಯದಲ್ಲಿ ಹುರಿದ ಬೀಜಗಳಿಗೆ 2008 19. ಪ್ರತಿ ಮನೆಯಲ್ಲೂ ಸುಂಕ ಬೇರೆ, ನಿಯಮ ಬೇರೆ, ವ್ಯಾಪಾರ ಒಪ್ಪಂದದಲ್ಲಿ ಸಿಗುವ ರಿಯಾಯಿತಿ ಬೇರೆ.

ಈಗ ಆಟ ಗೊತ್ತಾಯಿತಲ್ಲ? ಅಡಿಕೆಯನ್ನು ಸ್ವಲ್ಪ ಬೇಯಿಸಿ "ಚಿಕ್ನಿ ಸುಪಾರಿ" ಅನ್ನುವುದು, ಒಂದಿಷ್ಟು ಪರಿಮಳ ಹಾಕಿ "ಫ್ಲೇವರ್ಡ್ ಸುಪಾರಿ" ಅನ್ನುವುದು. ಇದರ ಮೇಲೆ ವರ್ಷಗಟ್ಟಲೆ ಕೇಸು ನಡೆಯಿತು. ಬೇಯಿಸಿದರೆ ಅದು ಬೇರೆ ವಸ್ತುವಾಯಿತೇ? ನಮ್ಮ ಮಲೆನಾಡಿನವರು ಅಡಿಕೆ ಸುಲಿದು ಬೇಯಿಸಿ ಬಣ್ಣ ಕಟ್ಟಿ ರಾಶಿ, ಬೆಟ್ಟೆ ಮಾಡುವುದು ಎಷ್ಟು ತಲೆಮಾರಿನಿಂದ? ಅವರನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಆದರೆ ಕಾನೂನಿಗೆ ಅಧ್ಯಾಯದ ಟಿಪ್ಪಣಿ ಬೇಕು. 8ನೇ ಅಧ್ಯಾಯದ ಟಿಪ್ಪಣಿ, ಕೆಡದಂತೆ ಇಡಲು ಹದವಾಗಿ ಬಿಸಿ ಮಾಡಿದರೂ ಕಾಯಿ ಆ ಅಧ್ಯಾಯದಲ್ಲೇ ಉಳಿಯುತ್ತದೆ ಅನ್ನುತ್ತದೆ.

ಬೇಯಿಸುವ ದಾರಿ ಕಷ್ಟವಾದ ಮೇಲೆ ಹುರಿಯುವ ದಾರಿ ಬಂತು. ಹುರಿದ ಅಡಿಕೆ 2008ರ ಕೆಳಗೆ ಬಂದರೆ ಮೂಲ ಸುಂಕ ಶೇ. 30. ನೂರೆಲ್ಲಿ, ಮೂವತ್ತೆಲ್ಲಿ! ಒಪ್ಪಂದದ ರಿಯಾಯಿತಿ ಸಿಕ್ಕರೆ ಅದೂ ಇಳಿಯುತ್ತದೆ. 351ರ ಎಂಐಪಿ ಇದ್ದದ್ದು 0802ಕ್ಕೆ, ಹಾಗಾಗಿ ಅದೂ ತಪ್ಪಿತು. ಆಮದುದಾರರು, ಮಾಲು ಬರುವ ಮೊದಲೇ ಅದು ಯಾವ ಕೋಡಿಗೆ ಸೇರುತ್ತದೆ ಅಂತ ಹೇಳುವ ಮುಂಗಡ ತೀರ್ಪಿನ ಪ್ರಾಧಿಕಾರದ ಮುಂದೆ ಹೋಗಿ, ಹುರಿದದ್ದು 2008ಕ್ಕೇ ಸೇರುತ್ತದೆ ಅಂತ ಬರೆಸಿಕೊಂಡರು. ಇಲಾಖೆ ಮೇಲ್ಮನವಿ ಹೋಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ನ್ಯಾಯಾಲಯ ತಪ್ಪು ಮಾಡಿತು ಅಂತ ನನಗೆ ಅನ್ನಿಸುವುದಿಲ್ಲ. ಪಟ್ಟಿಯಲ್ಲಿ "ಹುರಿದದ್ದು" ಅಂತಿದೆ, ಮಾಲು ನಿಜವಾಗಿ ಹುರಿದದ್ದಾದರೆ ಅಲ್ಲಿಗೇ ಹೋಗಬೇಕು. ನಿಜವಾಗಿ ಹುರಿದಿದೆಯೋ, ಒಣಗಿದ ಅಡಿಕೆಯನ್ನು ಬಾಣಲೆ ತೋರಿಸಿ ತಂದಿದ್ದಾರೋ ಅಂತ ನೋಡುವುದು ಲ್ಯಾಬಿನ ಕೆಲಸ. ಕೊನೆಗೆ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ ಅದೇ 351ರ ಮಿತಿ ಹಾಕಿತು. ತೂತು ಕಂಡದ್ದಕ್ಕೂ ಮುಚ್ಚಿದ್ದಕ್ಕೂ ನಡುವೆ ಹೋದ ಸಮಯ ನೋಡಿ. ಆ ಸಮಯದಲ್ಲಿ ಬಂದ ಮಾಲಿಗೆ ಯಾರು ಲೆಕ್ಕ ಕೊಡುತ್ತಾರೆ?

ಇದೆಲ್ಲ ಕಾನೂನಿನ ಪುಸ್ತಕ ಓದಿದವರ ಆಟ. ಓದದವರ ಆಟವೂ ಇದೆ. 2023ರಲ್ಲಿ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಡಿಆರ್‌ಐನವರು 14 ಕಂಟೇನರ್ ತೆರೆದರು. ಕಾಗದದಲ್ಲಿ ಇದ್ದದ್ದು ಡಿಸ್ಟಿಲೇಟ್ ಆಯಿಲ್. ಒಳಗಿದ್ದದ್ದು 371 ಟನ್ ಅಡಿಕೆ, ಬೆಲೆ ಸುಮಾರು 32 ಕೋಟಿ. ಬಂದದ್ದು ಯುಎಇಯಿಂದ. ಅಲ್ಲಿ ಅಡಿಕೆ ತೋಟ ಇದೆ ಅಂತ ಯಾರಾದರೂ ಕೇಳಿದ್ದೀರಾ?

ಮುಂದಿನ ಕಾಲಮ್ಮು, ಎಲ್ಲಿಯದು. ಇಂಡೋನೇಷ್ಯಾದಲ್ಲಿ, ಅದರಲ್ಲೂ ಸುಮಾತ್ರಾದಲ್ಲಿ, ಬೇಕಾದಷ್ಟು ಅಡಿಕೆ ಬೆಳೆಯುತ್ತಾರೆ, ಅಗ್ಗಕ್ಕೂ ಸಿಗುತ್ತದೆ. ಅದು ನೇರ ಬಂದರೆ ಸುಂಕ. ಶ್ರೀಲಂಕಾದ್ದು ಅಂತ ಸರ್ಟಿಫಿಕೇಟ್ ಸಿಕ್ಕರೆ ಸುಂಕ ಇಲ್ಲ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರಲ್ಲಿ ಸಹಿ ಬಿತ್ತು, 2000ದಿಂದ ಜಾರಿಯಲ್ಲಿದೆ. ಒಪ್ಪಂದದ ನಿಯಮ ಚೆನ್ನಾಗಿಯೇ ಇದೆ. ಬೆಳೆ ಅಲ್ಲೇ ಬೆಳೆದಿರಬೇಕು. ಬೇರೆ ಕಡೆಯದನ್ನು ತಂದು ಒಣಗಿಸಿ, ಆರಿಸಿ, ಚೀಲ ಬದಲಾಯಿಸಿದರೆ ಅದು ಶ್ರೀಲಂಕಾದ ಅಡಿಕೆ ಆಗುವುದಿಲ್ಲ. ಆದರೆ ಕಂಟೇನರ್ ಬಾಗಿಲು ತೆರೆದಾಗ ಅಡಿಕೆ ಮಾತಾಡುವುದಿಲ್ಲವಲ್ಲ, ಸರ್ಟಿಫಿಕೇಟೇ ಮಾತಾಡುವುದು. ಈ ತರಹದ ಮಾಲು ನಾಗಪುರದ ಕಡೆ ಹೋಗುತ್ತಿದೆ ಅನ್ನುವ ದೂರಿನ ಮೇಲೆ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತನಿಖೆಯನ್ನು ಸಿಬಿಐಗೇ ಕೊಟ್ಟಿತು.

2020ರ ಸೆಪ್ಟೆಂಬರ್ 21ರಿಂದ ಇದರಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಮಾಲು ಯಾವ ದೇಶದ್ದು ಅನ್ನುವುದಕ್ಕೆ ಕೆರೋಟಾರ್ ಅಂತ ನಾವು ಕರೆಯುವ ನಿಯಮಗಳು ಜಾರಿಗೆ ಬಂದವು. ಅದಕ್ಕಾಗಿ ಅದೇ ವರ್ಷ ಕಸ್ಟಮ್ಸ್ ಕಾಯ್ದೆಗೆ 28ಡಿಎ ಅನ್ನುವ ಸೆಕ್ಷನ್ ಸೇರಿತ್ತು. ಮೊದಲು ಸರ್ಟಿಫಿಕೇಟ್ ತೋರಿಸಿದರೆ ಮುಗಿಯಿತು, ಉಳಿದದ್ದು ಇಲಾಖೆಯ ತಲೆನೋವು. ಈಗ ಹಾಗಲ್ಲ. ಮಾಲು ಆ ದೇಶದ್ದೇ ಅಂತ ಆಮದುದಾರನೇ ತಿಳಿದುಕೊಂಡಿರಬೇಕು, ಅದರ ವಿವರ ಐದು ವರ್ಷ ಇಟ್ಟುಕೊಂಡಿರಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳಲ್ಲಿ ಕೊಡಬೇಕು. ಕೊಡದಿದ್ದರೆ ರಿಯಾಯಿತಿ ಹೋಗಬಹುದು. ನಮ್ಮಂಥ ಬ್ರೋಕರುಗಳು ಆಗ ಬಹಳ ಗೊಣಗಿದೆವು. ಕೆಲಸ ಜಾಸ್ತಿ ಆಯಿತು, ನಿಜ. ಬೆಳೆಗಾರನಾಗಿ ಹೇಳುವುದಾದರೆ, ಎಂಐಪಿ ನೂರು ರೂಪಾಯಿ ಏರಿಸಿದ್ದಕ್ಕಿಂತ ಇದರ ಬೆಲೆ ದೊಡ್ಡದು.

ಬೆಲೆಯ ಕಾಲಮ್ಮಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಆಮದುದಾರ ಬೆಲೆ ಕಡಿಮೆ ತೋರಿಸುತ್ತಾನೆ, ಸುಂಕ ಉಳಿಸಲು. ಅಡಿಕೆಯಲ್ಲಿ ಉಲ್ಟಾ. ಸುಂಕ ಸೊನ್ನೆಯ ದೇಶದಿಂದ ಬರುವಾಗ ಅವನಿಗೆ ದಾಟಬೇಕಾದದ್ದು 351ರ ಗೆರೆ ಮಾತ್ರ. ಉದಾಹರಣೆಗೆ ಮಾಲು ನಿಜವಾಗಿ 200 ರೂಪಾಯಿದು ಅಂತಿಟ್ಟುಕೊಳ್ಳಿ. 351ಕ್ಕೆ ಇನ್‌ವಾಯ್ಸ್ ಮಾಡಿಸಿ ಬ್ಯಾಂಕಿನಿಂದ ಅಷ್ಟೂ ಹಣ ಕಳಿಸುತ್ತಾನೆ. ಹೆಚ್ಚಾದ 151 ಹವಾಲಾದಲ್ಲಿ ವಾಪಸ್ ಬರುತ್ತದೆ. ನಾವು ಎಂಐಪಿಯನ್ನು 450 ಮಾಡಿಸಿದರೆ ಅವನು ಇನ್‌ವಾಯ್ಸನ್ನೂ 450 ಮಾಡುತ್ತಾನೆ, ಅಷ್ಟೇ.

ಇನ್ನು ಕಾಗದವೇ ಇಲ್ಲದೆ ಬರುವ ಅಡಿಕೆ. ಮ್ಯಾನ್ಮಾರ್ ಗಡಿಯಿಂದ ಮಿಜೋರಾಂನ ಚಂಫಾಯ್ ಕಡೆ ಒಳಗೆ ಬರುತ್ತದೆ, ಅಸ್ಸಾಂ ರೈಫಲ್ಸ್‌ನವರು ಆಗಾಗ ಹಿಡಿಯುತ್ತಾರೆ. ಇಲ್ಲಿ ಒಂದು ಕಾನೂನಿನ ತೊಡಕು ಇದೆ, ಅದಕ್ಕೂ ನಮ್ಮ ಮಂಗಳೂರಿಗೂ ನಂಟಿದೆ. ಚಿನ್ನ, ಕೈಗಡಿಯಾರದಂಥ ಸರಕು ಹಿಡಿದರೆ "ಇದು ಕಳ್ಳಮಾಲಲ್ಲ" ಅಂತ ಸಾಬೀತು ಮಾಡುವುದು ಇಟ್ಟುಕೊಂಡವನ ಹೊಣೆ. ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬಿಹಾರದಲ್ಲೋ ಬಂಗಾಳದಲ್ಲೋ ಲಾರಿ ಹಿಡಿದರೆ, ಇದು ವಿದೇಶದ್ದು ಅಂತ ಇಲಾಖೆಯೇ ಸಾಬೀತು ಮಾಡಬೇಕು. ಲಾರಿಯವನು "ಅಸ್ಸಾಂ ಅಡಿಕೆ ಸ್ವಾಮಿ" ಅಂದರೆ? ಇಲಾಖೆಯವರು ಮಾದರಿಯನ್ನು ಮಂಗಳೂರಿನ ಅಡಿಕೆ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನಕ್ಕೆ ಕಳಿಸಿ ಅಭಿಪ್ರಾಯ ತರಿಸಿದ್ದುಂಟು. ಆದರೆ ಅದು ಮಾನ್ಯತೆ ಪಡೆದ ಪ್ರಯೋಗಾಲಯ ಅಲ್ಲ ಅಂತ ಹೇಳಿ ಮೇಲ್ಮನವಿ ನ್ಯಾಯಮಂಡಳಿ ಅಂಥ ವರದಿಗಳನ್ನು ಬದಿಗಿಟ್ಟಿದೆ. ಮಾಲು ಇಟ್ಟುಕೊಂಡವನಿಗೇ ವಾಪಸ್ ಹೋಗಿದೆ.

ನಮ್ಮಲ್ಲಿ ಹತ್ತು ಕಾಯಿ ಕೈಯಲ್ಲಿ ಹಿಡಿದು, ಇದು ವಿಟ್ಲದ್ದಲ್ಲ, ಇದು ಘಟ್ಟದ ಮೇಲಿನದು ಅಂತ ಹೇಳುವವರಿದ್ದಾರೆ. ಆ ಕಣ್ಣಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಕೋರ್ಟಿಗೆ ಅದು ಸಾಕ್ಷಿ ಆಗುವುದಿಲ್ಲ. ಮಣ್ಣಿನ ಖನಿಜಾಂಶದ ಗುರುತು ನೋಡಿ ಅಡಿಕೆ ಎಲ್ಲಿಯದು ಅಂತ ಹೇಳುವ, ಕೋರ್ಟಿನಲ್ಲಿ ನಿಲ್ಲುವ ಒಂದು ಪರೀಕ್ಷೆ ಬೇಕು. ಅದನ್ನು ಮಾಡುವ ಮಾನ್ಯತೆ ಪಡೆದ ಲ್ಯಾಬ್ ಬೇಕು. ಭಾರತದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. 1973ರಿಂದ ಕ್ಯಾಂಪ್ಕೊ ಇದೆ, ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಇದೆ, ಶಿರಸಿಯಲ್ಲಿ ಟಿಎಸ್‌ಎಸ್ ಇದೆ. ಬೆಳೆಗಾರರ ಈ ಸಹಕಾರಿ ಸಂಘಗಳೆಲ್ಲ ಸೇರಿ ದೆಹಲಿಗೆ ಕೊಡುವ ಮುಂದಿನ ಮನವಿಯಲ್ಲಿ ಎಂಐಪಿಗಿಂತ ಮೊದಲು ಈ ಲ್ಯಾಬ್ ಬರಲಿ ಅನ್ನುವುದು ನನ್ನ ಆಸೆ.

ಜೊತೆಗೆ ಇನ್ನೊಂದು ಕೇಳಿ. 0802, 2008, 2106 ಈ ಮೂರು ಮನೆಗಳಲ್ಲಿ ಅಡಿಕೆ ಅಂತ ಬರುವ ಪ್ರತಿ ಕನ್‌ಸೈನ್‌ಮೆಂಟನ್ನೂ ಕಡ್ಡಾಯವಾಗಿ ತೆರೆದು ಮಾದರಿ ತೆಗೆಯಲಿ, ಮತ್ತು ನಾಲ್ಕೈದು ಬಂದರುಗಳಲ್ಲಿ ಮಾತ್ರ ಇಳಿಸಲು ಬಿಡಲಿ. ಈಗ ಮುಖರಹಿತ ನಿರ್ಧಾರಣೆ ಇದೆ. 2020ರಲ್ಲಿ ಬೆಂಗಳೂರು, ಚೆನ್ನೈಯಿಂದಲೇ ಶುರುವಾದದ್ದು. ಒಂದು ಬಂದರಿನ ಅರ್ಜಿಯನ್ನು ಬೇರೆ ಊರಿನ ಅಧಿಕಾರಿ ಪರದೆಯ ಮೇಲೆ ನೋಡುತ್ತಾರೆ. ಲಂಚ, ವಶೀಲಿ ಕಡಿಮೆಯಾಗಲು ಒಳ್ಳೆಯ ಪದ್ಧತಿ. ಆದರೆ ಚಾಲಿ ಯಾವುದು, ಹುರಿದದ್ದು ಯಾವುದು ಅಂತ ಜೀವಮಾನದಲ್ಲಿ ನೋಡದವರ ಮುಂದೆ ಅಡಿಕೆಯ ಕಾಗದ ಹೋಗಬಹುದು.

ಸಿಕ್ಕಿಬಿದ್ದರೆ ಶಿಕ್ಷೆ ಕಮ್ಮಿ ಏನಲ್ಲ. ಮೋಸ ಅಂತ ಕಂಡರೆ ಐದು ವರ್ಷ ಹಿಂದಿನವರೆಗೂ ಸುಂಕ ಕೇಳಬಹುದು. ಅದಕ್ಕೆ ಶೇ. 15 ಬಡ್ಡಿ, ಸುಂಕದಷ್ಟೇ ದಂಡ, ಮಾಲು ಜಪ್ತಿ, ದೊಡ್ಡ ಕೇಸಾದರೆ ಏಳು ವರ್ಷದವರೆಗೆ ಜೈಲು. 2021ರಲ್ಲಿ ಬಟಾಣಿ ಆಮದಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ನಿರ್ಬಂಧ ಮೀರಿ ತಂದ ಮಾಲನ್ನು ದಂಡ ಕಟ್ಟಿಸಿಕೊಂಡು ಬಿಟ್ಟುಕೊಡಬೇಕೆಂದಿಲ್ಲ, ಪೂರ್ತಿ ಜಪ್ತಿ ಮಾಡಬಹುದು ಅಂದಿತು. ಕಾನೂನಿನಲ್ಲಿ ಕೊರತೆ ಇಲ್ಲ. ಹಿಡಿಯುವುದರಲ್ಲಿ ಇದೆ.

ಇನ್ನು ಕೆಲವು ಪ್ರಶ್ನೆಗಳು.

ಒಬ್ಬರು ಹಿರಿಯರು ಕೇಳಿದರು: "ಭೂತಾನಿನಿಂದ ಹಸಿ ಅಡಿಕೆ ತರಲು ಸರ್ಕಾರವೇ ಬಿಟ್ಟಿದೆಯಲ್ಲ, ಅದಕ್ಕೇನು ಹೇಳುತ್ತೀರಿ?" ಹೌದು, 2022ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಎಂಐಪಿ ಇಲ್ಲದೆ ಜೈಗಾಂವ್ ಗಡಿಯಲ್ಲಿ ತರಲು ಬಿಟ್ಟರು. ಆಗ ಇಲ್ಲಿ ದೊಡ್ಡ ಗಲಾಟೆ ಆಯಿತು. ಹಸಿ ಅಡಿಕೆಯ ತೂಕದಲ್ಲಿ ಹೆಚ್ಚಿನದು ಸಿಪ್ಪೆ ಮತ್ತು ನೀರು. ಒಣಗಿದರೆ ಉಳಿಯುವುದು ಅದರ ಸಣ್ಣ ಪಾಲು. ನೆರೆ ದೇಶದ ಸಣ್ಣ ಬೆಳೆಗಾರರದು ಅದು, ಪ್ರಮಾಣಕ್ಕೆ ಮಿತಿ ಇದೆ, ಬರುವ ದಾರಿ ಗೊತ್ತಿದೆ. ನನಗೆ ಹೆದರಿಕೆ ಲೆಕ್ಕಕ್ಕೆ ಸಿಗುವ ಅಡಿಕೆಯದಲ್ಲ.

ಇನ್ನೊಬ್ಬರು ಗೇರುಬೀಜದ ಮಾತು ಎತ್ತಿದರು: "ಅದಕ್ಕೆ ಸುಂಕ ಬರೀ ಎರಡೂವರೆ ಅಂತೆ. ಅಲ್ಲೊಂದು ನ್ಯಾಯ, ಇಲ್ಲೊಂದು ನ್ಯಾಯವಾ?" ಹಸಿ ಗೇರುಬೀಜಕ್ಕೆ 2018ರ ಬಜೆಟ್‌ನಲ್ಲಿ ಐದರಿಂದ ಎರಡೂವರೆಗೆ ಇಳಿಸಿದರು. ನಮ್ಮ ಕರಾವಳಿಯ ಗೇರು ಕಾರ್ಖಾನೆಗಳು ಆಫ್ರಿಕಾದ ಬೀಜ ಇಲ್ಲದಿದ್ದರೆ ವರ್ಷವಿಡೀ ನಡೆಯುವುದಿಲ್ಲ, ಅಲ್ಲಿ ದುಡಿಯುವ ಹೆಂಗಸರಿಗೆ ಕೆಲಸ ಇರುವುದಿಲ್ಲ. ಅದೇ ಸಿದ್ಧವಾದ ತಿರುಳು ಬರುವುದಾದರೆ ಅದಕ್ಕೂ ಎಂಐಪಿ ಇದೆ. 2019ರಲ್ಲಿ ತುಂಡಿಗೆ ಕಿಲೋಗೆ 680, ಇಡೀ ತಿರುಳಿಗೆ 720 ಅಂತ ಇಟ್ಟರು. ಕಾರ್ಖಾನೆಯವನಿಗೆ ಬೇಕಾದ್ದು, ಬೆಳೆಗಾರನಿಗೆ ಬೇಡವಾದ್ದು ಒಂದೇ ಹಡಗಿನಲ್ಲಿ ಬರುತ್ತದೆ. ಯಾರ ಕಡೆ ನಿಲ್ಲಬೇಕು ಅನ್ನುವುದು ಕಸ್ಟಮ್ಸ್‌ನವರು ತೀರ್ಮಾನಿಸುವ ವಿಷಯ ಅಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಕೇಳಿದ: "ಸರ್, ನಾನು ಕಾರ್ಬನ್ ಫೈಬರ್ ದೋಟಿ ಹೊರಗಿನಿಂದ ತರಿಸಿ ಮಾರಬೇಕು ಅಂತಿದ್ದೇನೆ. ಏನು ಮಾಡಬೇಕು?" ಅಡಿಕೆ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಉದ್ದನೆಯ ಕೋಲು ಅದು. ಒಳ್ಳೆಯ ಯೋಚನೆ. ಡಿಜಿಎಫ್‌ಟಿಯಿಂದ ಐಇಸಿ, ಅಂದರೆ ಆಮದು-ರಫ್ತುದಾರನ ನಂಬರ್ ತೆಗೆದುಕೋ, ವಿದೇಶಕ್ಕೆ ಹಣ ಕಳಿಸುವ ನಿನ್ನ ಬ್ಯಾಂಕಿನ ಗುರುತಾದ ಎಡಿ ಕೋಡ್ ಬಂದರಿನಲ್ಲಿ ನೋಂದಾಯಿಸು, ಜಿಎಸ್‌ಟಿ ಇರಲಿ. ಇವು ಸುಲಭ. ಕಷ್ಟ ಇರುವುದು ಮತ್ತೆ ಅದೇ ಕಾಲಮ್ಮಿನಲ್ಲಿ. ದೋಟಿ ಅಂದರೆ ಏನು? ಕಾರ್ಬನ್ ಫೈಬರ್ ವಸ್ತು ಅಂದರೆ 6815. ತೋಟದ ಕೈ ಉಪಕರಣ ಅಂದರೆ 8201. ತುದಿಗೆ ಕತ್ತಿ ಜೋಡಿಸಿ ತರುತ್ತೀಯೋ, ಬರೀ ಕೊಳವೆ ತರುತ್ತೀಯೋ, ಔಷಧಿ ಹೊಡೆಯುವ ನಳಿಕೆ ಸೇರಿದೆಯೋ, ಇದರ ಮೇಲೆ ಉತ್ತರ ಬದಲಾಗಬಹುದು. ಕಳಿಸುವವನು ಇನ್‌ವಾಯ್ಸ್‌ನಲ್ಲಿ ಹಾಕಿದ ಕೋಡನ್ನೇ ಕಣ್ಣುಮುಚ್ಚಿ ಬರೆಯಬೇಡ. ತಪ್ಪಾದರೆ ಹೊಣೆ ನಿನ್ನದು, ಅವನದಲ್ಲ.

ಅನುಮಾನ ಇದ್ದರೆ ಮುಂಬೈಯಲ್ಲಿರುವ ಮುಂಗಡ ತೀರ್ಪಿನ ಪ್ರಾಧಿಕಾರಕ್ಕೆ ಅರ್ಜಿ ಹಾಕು. ಶುಲ್ಕ ಹತ್ತು ಸಾವಿರ ರೂಪಾಯಿ, ಮೂರು ತಿಂಗಳೊಳಗೆ ತೀರ್ಪು ಕೊಡಬೇಕು ಅಂತ ಕಾಯ್ದೆಯಲ್ಲಿದೆ. ಬಂದ ತೀರ್ಪು ಕಾನೂನು ಬದಲಾಗದಿದ್ದರೆ ಕೆಲವು ವರ್ಷ ನಡೆಯುತ್ತದೆ. ದೋಟಿಯ ಫೋಟೋ, ತಯಾರಕರ ವಿವರ ಪಟ್ಟಿ, ಅದನ್ನು ತೋಟದಲ್ಲಿ ಹೇಗೆ ಬಳಸುತ್ತೇವೆ ಅನ್ನುವ ಒಂದು ಪುಟದ ಬರಹ ಜೊತೆಗಿಡು. ಆದರೆ ಇದನ್ನೆಲ್ಲ ಆರ್ಡರ್ ಕೊಡುವ ಮೊದಲು ಮಾಡು. ಮಾಲು ಪಣಂಬೂರಿಗೆ ಬಂದು ಇಳಿದ ಮೇಲೆ ಆ ಬಾಗಿಲು ನಿನಗೆ ತೆರೆಯುವುದಿಲ್ಲ.